ಚಹಾದ ಹೊತ್ತಿಗೆ ಅಳಿಸಿಹೋದ ಹಾಸಿಗೆ

ಬೆಳಕು ಹರಿಯುವ ಮೊದಲೇ ಗ್ಲೆನಿಸ್ ತನ್ನ ಅತ್ತೆ ವರ್ನಾಳ ಒದ್ದೆ ಚಾದರ ಬದಲಿಸಿ ಒಗೆಯಲು ಹಾಕಿದ್ದಳು. ಮಾತ್ರೆ ತೆಗೆದಿಟ್ಟು, ಓಟ್ಸ್ ಗಂಜಿ ಕಾಯಿಸಿ, ಹೊಲಕ್ಕೆ ಹೊರಟ ಗಂಡನ ಊಟದ ಡಬ್ಬಿ ತುಂಬಿ, ಕೋಳಿಗಳಿಗೆ ಕಾಳು ಚೆಲ್ಲಿ, ಸಭೆಗೆ ಒಯ್ಯುವ ಸ್ಕೋನ್ ಎಂಬ ಪುಟ್ಟ ಬನ್ನುಗಳನ್ನು ಓವನ್ನಿಗೆ ತಳ್ಳಿದ್ದಳು. ನಮ್ಮೂರಲ್ಲಿ ಹೆಂಗಸರು ಸಭೆಗೆ ಬರಿಗೈಲಿ ಹೋಗುವುದಿಲ್ಲ.

ಆಸ್ಪತ್ರೆಗೆ ಬಂದ ಹಣದಲ್ಲಿ ಏನು ಮಾಡಬೇಕೆಂದು ಊರವರೇ ತೀರ್ಮಾನಿಸಲಿ ಎಂದು ಚೀಟಿ ಎತ್ತಿ ಕೆಲವರನ್ನು ಸಭೆಗೆ ಆರಿಸಿದ್ದರು. ಗ್ಲೆನಿಸ್ ಹೆಸರೂ ಬಂದಿತ್ತು. ದೂರದ ಪರ್ತ್ ನಗರದಿಂದ ಮೂಳೆ ಡಾಕ್ಟರನ್ನು ಕರೆಸುವುದೋ, ಅಥವಾ ನೋಡಿಕೊಳ್ಳುವವರಿಗೆ ಬಿಡುವಾಗಲೆಂದು ಮನೆಯ ಮುದುಕರನ್ನು ಕೆಲವು ದಿನ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುವ ಹಾಸಿಗೆಯೋ? ಎರಡಕ್ಕೂ ಹಣ ಸಾಲದು.

"ನನ್ನನ್ನ ಆಚೆ ಹಾಕೋ ಹಾಸಿಗೆ ತಾನೇ?" ವರ್ನಾ ಗಂಜಿ ಚಪ್ಪರಿಸುತ್ತ ಕೇಳಿದಳು.

"ವರ್ಷಕ್ಕೊಂದು ವಾರ, ವರ್ನಾ. ನಾನು ಸಮುದ್ರದ ಹತ್ರ ಸುಮ್ನೆ ಕೂತ್ಕೋಬೇಕು."

"ಎರಡು ವಾರ ಕೇಳೇ. ನಿನ್ನ ಗಂಜಿಯಿಂದ ನಂಗೂ ರಜಾ ಬೇಕು."

ಕಳೆದ ಸಭೆಯಲ್ಲಿ ಚಹಾದ ಗಂಟೆ ಬಾರಿಸಿದ್ದೇ ತಡ, ಯಾರೂ ಹೇಳದೆಯೇ ಹೆಂಗಸರೆಲ್ಲ ಎದ್ದು ಅಡುಗೆಕೋಣೆಗೆ ನಡೆದಿದ್ದರು. ಕಪ್ಪು ತೊಳೆದು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಗಂಡಸರು ಮಾತು ಮುಂದುವರಿಸಿ, ಎರಡೂ ಆಯ್ಕೆ ಬರೆದಿದ್ದ ಬೋರ್ಡಿನಿಂದ ಹಾಸಿಗೆಯನ್ನು ಅಳಿಸಿಯಾಗಿತ್ತು.

"ಯಾರೂ ಬೇಕು ಅನ್ಲಿಲ್ವಲ್ಲ," ಎಂದಿದ್ದ ಟ್ರ್ಯಾಕ್ಟರ್ ರಿಪೇರಿಯ ಡಗಲ್.

"ಬೇಕು ಅನ್ನೋರು ನೀನು ಕುಡಿದ ಕಪ್ಪು ತೊಳೀತಿದ್ರು," ಎಂದಿದ್ದಳು ಗ್ಲೆನಿಸ್.

ಎಲ್ಲರೂ ನಕ್ಕಿದ್ದರು. ಹಾಸಿಗೆ ಮತ್ತೆ ಬೋರ್ಡು ಹತ್ತಿತ್ತು. ಕೊನೆಯ ತೀರ್ಮಾನ ಇವತ್ತಿಗೆ ಉಳಿದಿತ್ತು.

ಇವತ್ತು ಡಗಲ್ ಕಾಲು ಚಾಚಿಕೊಂಡು ಕೂತಿದ್ದ. "ಇದ್ರಲ್ಲಿ ನಿನ್ನ ಸ್ವಾರ್ಥ ಇದೆ ಅಲ್ವಾ, ಗ್ಲೆನಿಸ್?"

"ಇದೆ. ನಿನ್ನ ಮೊಣಕಾಲಿಗೂ ಇದೆ. ಚೀಟೀಲಿ ಇಬ್ರ ಹೆಸರೂ ಬಂದಿದ್ದು ಒಳ್ಳೇದೇ ಆಯ್ತು."

ಡಗಲ್ ಮೊಣಕಾಲು ಸವರಿಕೊಂಡು ನಕ್ಕ. ಅವನ ನೋವೂ ಸುಳ್ಳಲ್ಲವೆಂದು ಗ್ಲೆನಿಸ್‌ಗೆ ಗೊತ್ತಿತ್ತು. ಅವಳು ತನ್ನ ಬೆಳಗಿನ ಕೆಲಸಗಳನ್ನು ಒಂದೊಂದಾಗಿ ಹೇಳತೊಡಗಿದಳು. ಒದ್ದೆ ಚಾದರದ ಮಾತು ಮುಗಿದಿತ್ತಷ್ಟೇ, ಚಹಾದ ಗಂಟೆ ಹೊಡೆಯಿತು. ಕುರ್ಚಿಗಳು ಸರಿದವು. ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಡಗಲ್ ಪಕ್ಕದವನ ಕಡೆ ಬಾಗಿ ಆಗಲೇ ಏನೋ ಶುರುಮಾಡಿದ್ದ.

"ಬಾರೇ, ನೀರು ಕುದೀತಿದೆ," ಅಡುಗೆಕೋಣೆಯ ಬಾಗಿಲಿನಿಂದ ಗೆಳತಿ ಮೌರೀನ್ ಕರೆದಳು. "ನಿನ್ನ ಸ್ಕೋನ್‌ಗೆ ಕ್ರೀಮ್ ಎಲ್ಲಿಟ್ಟಿದೀಯ?"

ಗ್ಲೆನಿಸ್‌ಳ ಕೈ ಆಗಲೇ ಮೇಜಿನ ಅಂಚು ಹಿಡಿದಿತ್ತು, ಏಳುವವಳಂತೆ.

"ಫ್ರಿಜ್ಜಲ್ಲಿದೆ," ಎಂದಳು ಕೂತಲ್ಲಿಂದಲೇ. ಕುರ್ಚಿಯನ್ನು ಬೋರ್ಡಿನ ಹತ್ತಿರಕ್ಕೆ ಎಳೆದುಕೊಂಡಳು.