ಈಸ್ಟರ್ ಬಾರದ ವರ್ಷ

ಕಾವಲಿಯ ಮೇಲೆ ಬಂಗುಡೆ ಚುಂಯ್ ಎನ್ನುತ್ತಿತ್ತು. ಮಗಳು ಶರ್ಲಿ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು ಫೋನಿನಲ್ಲಿ ಹೇಳಿದಳು: "ಯೆಸ್ ಅಂಕಲ್, ಪ್ಯೂರ್ ವೆಜ್. ಎಗ್ ಕೂಡ ಇಲ್ಲ." ದುಬೈಯಲ್ಲಿ ಕೆಲಸ ಸಿಕ್ಕಿದೆ, ಮಿರ್ದಿಫ್‌ನಲ್ಲಿ ಕೋಣೆ ಹುಡುಕುತ್ತಿದ್ದಾಳೆ. ನನ್ನ ಕೈ ತಾನಾಗಿ ಅಡುಗೆಮನೆಯ ಕಿಟಕಿ ಮುಚ್ಚಲು ಹೋಯಿತು. ಅಬುಧಾಬಿಯಲ್ಲಿ ಹುರಿದ ಮೀನು ಫೋನಿನೊಳಗಿಂದ ಮಿರ್ದಿಫ್‌ಗೆ ನಾರುವುದಿಲ್ಲ ಎನ್ನುವಷ್ಟು ಬುದ್ಧಿ ನನಗಿದೆ. ನನ್ನ ಕೈಗಿಲ್ಲ.

ಈ ಸುಳ್ಳನ್ನು ಅವಳಿಗೆ ಕಲಿಸಿದವಳು ನಾನೇ. ಹೇಳಿಬಿಡುತ್ತೇನೆ, ನೀವೇನು ಹೊರಗಿನವರಲ್ಲ.

ಅವಳು ಆರನೇ ಕ್ಲಾಸಿನಲ್ಲಿದ್ದಾಗ ದುಬೈಯಲ್ಲಿ ನಾವಿದ್ದ ಹಳೇ ಕಟ್ಟಡ ಕೆಡವುತ್ತಾರೆಂದು ನೋಟಿಸ್ ಬಂತು. ಬೇರೆ ಕೋಣೆ ಸಿಗದಿದ್ದರೆ ನಮ್ಮವರು ಹತ್ತು ಗಂಡಸರ ಕೋಣೆಯಲ್ಲಿ ಒಂದೇ ಮಂಚದ ಬೆಡ್‌ಸ್ಪೇಸಿಗೆ, ನಾನೂ ಮಗಳೂ ಊರಿಗೆ. ಒಂದು ಕಡೆ ಹೆಸರು ಕೇಳಿದ ಕೂಡಲೇ "ಕೋಣೆ ಹೋಯಿತು" ಎಂದರು. ಇನ್ನೊಂದು ಕಡೆ ನಮ್ಮ ಶಿಲುಬೆಯೇ ಗೋಡೆಯಲ್ಲಿತ್ತು, ಆದರೆ ಕೋಣೆ ಕೇರಳದವರಿಗೆ ಮಾತ್ರ. ಧರ್ಮ ನೋಡಿ ಭೇದ ಮಾಡಬಾರದೆಂದು ಇಲ್ಲಿ ಕಾನೂನು ಇದೆ ಎಂದು ನಮ್ಮವರು ಆಫೀಸಿನಲ್ಲಿ ಕೇಳಿಕೊಂಡು ಬಂದರು. ಇರಬಹುದು. ನಗುನಗುತ್ತಾ "ಹೋಯಿತು" ಎಂದವರ ಮೇಲೆ ಯಾವ ಕಾನೂನು ಹಿಡಿದುಕೊಂಡು ಹೋಗುವುದು?

ಕೊನೆಗೆ ಅಲ್ ಕುಸೈಸ್‌ನಲ್ಲಿ ಉಡುಪಿ ಕಡೆಯ ಶಾರದಕ್ಕನ ಫ್ಲಾಟಿನಲ್ಲಿ ಒಂದು ಕೋಣೆ ಖಾಲಿ ಇತ್ತು. ಅಡುಗೆಮನೆ ಎರಡು ಸಂಸಾರಕ್ಕೂ ಒಂದೇ.

"ನೀವು ಕ್ರಿಶ್ಚನ್ನರಲ್ವಾ? ಮೀನು ಗೀನು ಬೇಯಿಸ್ಲಿಕ್ಕೆ ಉಂಟಾ?"

ಅದು ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ಉಪವಾಸದ ಕಾಲ. ನಮ್ಮ ಮನೆಯಲ್ಲಿ ಆ ದಿನಗಳಲ್ಲಿ ಮೀನು, ಮಾಂಸ ಒಲೆಗೇರುವುದಿಲ್ಲ. "ಇಲ್ಲ ಅಕ್ಕ, ಏನೂ ಇಲ್ಲ" ಎಂದೆ. ಆ ದಿನಕ್ಕೆ ಅದು ನಿಜವೇ. ಈಸ್ಟರ್‌ವರೆಗೆ ಮಾತ್ರ ಎಂಬುದನ್ನು ನುಂಗಿಕೊಂಡೆ.

"ಹಾಗಾದ್ರೆ ನೀವು ನಮ್ಮ ಹಾಗೆಯೇ ಬಿಡಿ ಮಾರಾಯ್ರೆ!" ಎಂದು ಶಾರದಕ್ಕ ಬೀಗದ ಕೈ ಕೊಟ್ಟರು.

ಕೆಟ್ಟವರಲ್ಲ. ನನಗೆ ಜ್ವರ ಬಂದಾಗ ಮೂರು ದಿನ ಗಂಜಿ ಬೇಯಿಸಿ ಕೊಟ್ಟವರು. ಅದಕ್ಕೇ ಹೆಚ್ಚು ಉರಿಯುತ್ತದೆ.

ಈಸ್ಟರ್ ದಿನ ಒಲೆಯಲ್ಲಿ ಬೆಂದದ್ದು ಅಲಸಂಡೆ ಪಲ್ಯ. ಶಾರದಕ್ಕ ಪಾಯಸ ತಂದು, "ಹಬ್ಬಕ್ಕೆ ಏನು ವಿಶೇಷ, ಶರ್ಲಿ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಮಗಳು, "ವಿ ಆರ್ ಪ್ಯೂರ್ ವೆಜ್, ಆಂಟಿ. ಇವತ್ತು ಕೂಡ" ಎಂದಳು. ಕಣ್ಣು ಮಿಟುಕಿಸಲಿಲ್ಲ. ಶಾರದಕ್ಕ ಅವಳ ತಲೆ ಸವರಿ, "ಎಷ್ಟು ಒಳ್ಳೆ ಸಂಸ್ಕಾರ ಕೊಟ್ಟಿದ್ದೀರಿ!" ಎಂದು ನನ್ನನ್ನು ಹೊಗಳಿದರು.

ಹೀಗೆ ನಮ್ಮ ಉಪವಾಸ ಎರಡು ವರ್ಷ ನಡೆಯಿತು. ಬರ್ ದುಬೈಯ ನಾದಿನಿಯ ಮನೆಯಲ್ಲಿ ಮೀನು ಉಂಡ ದಿನ, ಮೆಟ್ರೋ ಇಳಿಯುವ ಮೊದಲು ಮೂವರೂ ಏಲಕ್ಕಿ ಜಗಿದು, ಒಬ್ಬರ ಕೈ ಒಬ್ಬರು ಮೂಸಿ ನೋಡುತ್ತಿದ್ದೆವು. ಪಾಪನಿವೇದನೆಯಲ್ಲಿ ಹೇಳಿಕೊಂಡೆ. "ಎಷ್ಟು ಸಲ ಸುಳ್ಳು ಹೇಳಿದೆಯಮ್ಮ?" ಎಂದರು ಪಾದ್ರಿಗಳು. "ಊಟಕ್ಕೊಂದು ಸಲ, ಫಾದರ್."

ಆಮೇಲೆ ನಮ್ಮವರಿಗೆ ಅಬುಧಾಬಿಗೆ ವರ್ಗವಾಗಿ ನಮ್ಮದೇ ಅಡುಗೆಮನೆ ಸಿಕ್ಕಿತು. ಆದರೂ ಪ್ರತಿ ಸಂಜೆ ಜಪಮಾಲೆ ಮುಗಿಸಿ ದೇವರ ಉಪಕಾರಗಳನ್ನು ಎಣಿಸುವಾಗ ಶಾರದಕ್ಕನ ಕೋಣೆಯನ್ನೇ ಮೊದಲು ಹೇಳುತ್ತಿದ್ದೆ. ಆ ಕೋಣೆಯಿಂದಲ್ಲವೇ ಮಗಳು ಅಪ್ಪನ ಜೊತೆ ಉಳಿದದ್ದು?

ಶರ್ಲಿ ಫೋನ್ ಇಟ್ಟಳು. "ಸಿಕ್ತು ಮಮ್ಮಿ!"

"ಯಾಕೆ ಹಾಗೆ ಹೇಳಿದ್ದು? ಮೀನಿಲ್ಲದೆ ನಿನಗೆ ಅನ್ನ ಇಳಿಯುವುದಿಲ್ಲ."

"ರೂಮ್ ಬೇಡ್ವಾ ಮತ್ತೆ? ಎಲ್ಲರೂ ಹೇಳೋದೇ ಅಲ್ವಾ?" ಎಂದು ನಗುತ್ತಾ ಇನ್ನೊಂದು ತುಂಡು ತೆಗೆದುಕೊಂಡಳು. ತಿಂದು ಮುಗಿಸಿ ಆ ಕೈಯನ್ನು ಮೂಗಿಗೆ ಹಿಡಿದು ಮೂಸಿದಳು. ತಾನು ಮೂಸಿದ್ದು ಅವಳಿಗೇ ತಿಳಿಯಲಿಲ್ಲ.

ಕಿಟಕಿ ಪೂರ್ತಿ ತೆರೆದೆ. ಆ ಸಂಜೆ ದೇವರಿಗೆ ಉಪಕಾರ ಎಣಿಸುವಾಗ ಶಾರದಕ್ಕನ ಗಂಜಿಯನ್ನು ಹೇಳಿದೆ. ಕೋಣೆಯನ್ನು ಹೇಳಲಿಲ್ಲ.