ಸ್ವರಗಳ ಮೇಲೆ ಬರೆದ ಹೆಸರುಗಳು

ಕಾಪುವಿನ ನುಸ್ರತ್‌ಗೆ ಹಾಡಲು ಬರುವುದಿಲ್ಲ. ಯಾರೂ ಕೇಳುವ ಮೊದಲೇ ಅವಳೇ ಅದನ್ನು ಹೇಳಿಬಿಡುತ್ತಾಳೆ. ಆದರೂ ಅವಳ ಕೆಲಸ ಸಂಗೀತದ್ದೇ. ಕಂಪ್ಯೂಟರಿನಲ್ಲಿ ಸ್ವರಲಿಪಿ ಬರೆಯುವ ಸಾಫ್ಟ್‌ವೇರ್ ತಯಾರಿಸುವ ಮಣಿಪಾಲದ ಸಣ್ಣ ಕಂಪನಿಯೊಂದರಲ್ಲಿ ಅವಳಿದ್ದಾಳೆ. ಐದು ಗೆರೆಗಳ ಮೇಲೆ ಕೂರುವ ಸ್ವರಗಳ ಉಸಾಬರಿ ಬೇರೆಯವರದು. ಅವುಗಳ ಮೇಲೆ ಕೆಳಗೆ ಬರುವ ಅಕ್ಷರಗಳೆಲ್ಲ ಅವಳದು. ಹಾಡಿನ ಸಾಹಿತ್ಯ, ಹಾಡುವವರ ಹೆಸರು, ‘ಮೆಲ್ಲಗೆ’, ‘ಜೋರಾಗಿ’ ಎಂಬ ಸೂಚನೆ ಎಲ್ಲವೂ.

ಅವಳದೊಂದು ಗುಣವಿದೆ. ಪ್ರಶ್ನೆ ಕೇಳಿದಳೆಂದರೆ ಉತ್ತರ ಬರುವವರೆಗೆ ಮತ್ತೆ ಬಾಯಿ ತೆರೆಯುವುದಿಲ್ಲ, ಸುಮ್ಮನೆ ಮುಖ ನೋಡುತ್ತಾ ಕಾಯುತ್ತಾಳೆ. “ನಿನ್ನನ್ನು ಮೀನಿಗೆ ಕಳಿಸಿದರೆ, ತಾಜಾ ಉಂಟಾ ಅಂತ ಕೇಳಿ ನೀನು ನಿಂತೇ ಇರ್ತೀ. ಅಷ್ಟರಲ್ಲಿ ಮೀನು ಹಾಳಾಗ್ತದೆ” ಎಂದು ಉಮ್ಮ ಸಫಿಯಮ್ಮ ಗೇಲಿ ಮಾಡುತ್ತಾರೆ.

ಒಂದೂವರೆ ವರ್ಷ ಕೂತು ಅವಳು ಒಂದು ಟೂಲ್ ಮಾಡಿದ್ದಳು. ಸ್ವರದ ಮೇಲೆ ಒತ್ತಿದರೆ ಅರುವತ್ತು ಸೂಚನೆಗಳ ಪಟ್ಟಿ ತೆರೆಯುತ್ತಿತ್ತು. ಬೇಕಾದ್ದನ್ನು ಆರಿಸಿದರೆ ಅದು ಯಾವುದಕ್ಕೂ ತಾಗದೆ ತನ್ನ ಜಾಗದಲ್ಲಿ ಕೂರುತ್ತಿತ್ತು. ಆ ಪಟ್ಟಿಯ ಮೇಲೆ ಅವಳಿಗೆ ಎಲ್ಲಿಲ್ಲದ ಹೆಮ್ಮೆ. ತಂಡದ ಮುಖ್ಯಸ್ಥ ಪ್ರತೀಕ್‌ಗೆ ಮಾತ್ರ ನಂಬಿಕೆ ಬಂದಿರಲಿಲ್ಲ.

“ನಿಜವಾಗಿ ಹಾಡುವವರು ಇದರಲ್ಲಿ ಬರೆದದ್ದನ್ನು ನೋಡಿ ಹಾಡಲಿ. ಆಗದಿದ್ದರೆ ನಿನ್ನ ಟೂಲ್ ತೆಗೆಯುವ, ಹಳೆಯದೇ ಇರಲಿ” ಎಂದಿದ್ದ.

ಹಾಗಾಗಿ ಅವಳು ಕಾರ್ಕಳದ ಲಿಯೋನೆಲ್ ಮಾಸ್ಟ್ರನ್ನು ಹುಡುಕಿಕೊಂಡು ಹೋದಳು. ನಲವತ್ತು ವರ್ಷಗಳಿಂದ ಅಲ್ಲಿಯ ಒಂದು ಇಗರ್ಜಿಯ ಗಾಯನ ಮಂಡಳಿ ನಡೆಸುತ್ತಿರುವವರು ಅವರು. ಕೊಂಕಣಿ ಕೀರ್ತನೆಗಳನ್ನು ಕೈಯಲ್ಲೇ ಬರೆದಿಟ್ಟ ಪುಸ್ತಕ ಮಡಿಚಿದಲ್ಲೆಲ್ಲ ಹರಿಯುತ್ತಿತ್ತು. ಮಾಸ್ಟ್ರು ಅದನ್ನು ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿ ಅವಳ ಕೈಗಿಟ್ಟರು. ಮೂರು ವಾರ ಕೂತು ಅವಳು ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿದಳು. ಪುಸ್ತಕದಲ್ಲಿ ಅಲ್ಲಲ್ಲಿ ಸ್ವರಗಳ ಮೇಲೆ ಕೆಂಪು ಶಾಯಿಯಲ್ಲಿ ಡೆನ್ವರ್, ಫ್ಲೋರಿನ್, ಸೆಲಿನ್ ಎಂಬ ಹೆಸರುಗಳಿದ್ದವು. ಲೋಕದಲ್ಲಿ ಸಿಕ್ಕವರನ್ನೆಲ್ಲ ಪ್ರಶ್ನೆ ಕೇಳುವ ಈ ಹೆಂಗಸು, ಇದೊಂದನ್ನು ಮಾತ್ರ ಕೇಳಲಿಲ್ಲ. ಹೆಸರೆಂದ ಮೇಲೆ ಹಾಡುವವರದ್ದೇ ಎಂದುಕೊಂಡು ಎಲ್ಲವನ್ನೂ ಸಾಲಿನ ಎಡಕ್ಕೆ, ಒಬ್ಬರೇ ಹಾಡುವವರ ಹೆಸರು ಬರುವ ಜಾಗಕ್ಕೆ, ದಪ್ಪ ಅಕ್ಷರದಲ್ಲಿ ಸರಿಸಿಬಿಟ್ಟಳು.

ಭಾನುವಾರ ಪೂಜೆ ಮುಗಿದ ಮೇಲೆ ಅಭ್ಯಾಸ. ಪ್ರತೀಕನೂ ಬಂದು ಹಿಂದಿನ ಬೆಂಚಿನಲ್ಲಿ ಕೂತ. ಮಂಡಳಿಯ ಹುಡುಗ ಆಲ್ವಿನ್ ಕೀಬೋರ್ಡ್ ಹಿಡಿದ, ಮೊದಲ ಸಾಲು ಚೆಂದಕ್ಕೆ ಸಾಗಿತು. ಎರಡನೆಯದಕ್ಕೆ ಎಲ್ಲರೂ ನಿಲ್ಲಿಸಿದರು, ಹಾಳೆಯಲ್ಲಿದ್ದಂತೆ ಡೆನ್ವರ್ ಒಬ್ಬನೇ ಗಂಟಲು ಬಿಟ್ಟು ಹಾಡಿದ. ಹೆಂಗಸರು ಬಾಯಿಗೆ ಕೈ ಇಟ್ಟು ನಕ್ಕರು. ಮೂರನೆಯ ಸಾಲು ಬಂತು. ಯಾರೂ ಹಾಡಲಿಲ್ಲ. ಕೀಬೋರ್ಡ್ ಮಾತ್ರ ಸಾಲಿನ ಕೊನೆಯವರೆಗೆ ನುಡಿದು ನಿಂತಿತು. ನಗುತ್ತಿದ್ದವರೆಲ್ಲ ತಲೆ ತಗ್ಗಿಸಿದ್ದರು.

“ಸೆಲಿನ್ ಬಾಯಿ ತೀರಿಹೋಗಿ ಈ ಕ್ರಿಸ್‌ಮಸ್ಸಿಗೆ ಎರಡು ವರ್ಷ ಆಗ್ತದೆ ಮಾರಾಯ್ತಿ” ಎಂದು ಫ್ಲೋರಿನ್ ಬಾಯಿ ಸೆರಗಿನಿಂದ ಕಣ್ಣೊರಸಿಕೊಂಡರು.

ನುಸ್ರತ್‌ಗೆ ಟೂಲ್ ಹೋಯಿತು ಎಂದು ಆಗಲೇ ಗೊತ್ತಾಗಿತ್ತು. ಅದಕ್ಕಿಂತ, ಇಷ್ಟು ಒಳ್ಳೆಯವರನ್ನು ನೋಯಿಸಿದೆನಲ್ಲ ಎಂದು ಹೆಚ್ಚು ಸಂಕಟವಾಯಿತು.

ಮಾಸ್ಟ್ರು ಅವಳ ಪಕ್ಕ ಬಂದು ಕೂತರು. “ತಪ್ಪು ನನ್ನದು, ಹೇಳಬೇಕಿತ್ತು. ಅದು ಯಾರು ಹಾಡಬೇಕು ಅಂತ ಅಲ್ಲ, ಹೇಗೆ ಹಾಡಬೇಕು ಅಂತ. ಮೆಲ್ಲಗೆ ಅಂದರೆ ಎಷ್ಟು ಮೆಲ್ಲಗೆ? ಒಬ್ಬೊಬ್ಬರದ್ದು ಒಂದೊಂದು ಲೆಕ್ಕ. ಸೆಲಿನ್ ಅಂತ ಬರೆದರೆ ಎಷ್ಟು ಮೆಲ್ಲಗೆ ಅಂತ ಇಲ್ಲಿ ಎಲ್ಲರಿಗೂ ಗೊತ್ತು.”

“ಹಾಗಾದರೆ ಡೆನ್ವರ್?”

“ಅವನ ಜೋರು ನೀನೇ ಕೇಳಿದೆಯಲ್ಲ!”

ನುಸ್ರತ್ ಅಲ್ಲೇ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದಳು. ತನ್ನ ಹೆಮ್ಮೆಯ ಅರುವತ್ತರ ಪಟ್ಟಿಯಲ್ಲಿ ಸೆಲಿನ್ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಒಂದು ಕ್ಷಣ ನೋಡಿ ಆ ಪಟ್ಟಿಯನ್ನೇ ಕಿತ್ತುಹಾಕಿದಳು. ಪಟ್ಟಿಯ ಜಾಗದಲ್ಲಿ ಒಂದು ಖಾಲಿ ಚೌಕ, ಅದರಲ್ಲಿ ಬರೆಯುವವರು ಏನು ಬರೆದರೂ ಸೂಚನೆಯೇ.

“ಪಟ್ಟಿಯೇ ಇಲ್ಲದಿದ್ದರೆ ಅದೆಂತ ಟೂಲ್?” ಎಂದ ಪ್ರತೀಕ್.

“ಮುಂದಿನ ಭಾನುವಾರ ಬಂದು ಕೇಳ್ತೀರಾ?” ಎಂದು ಕೇಳಿ ಅವಳು ಅವನ ಮುಖ ನೋಡುತ್ತಾ ಕಾದಳು. ಅವನು ಕಿಟಕಿ ನೋಡಿದ, ಮೊಬೈಲ್ ನೋಡಿದ, ಕೊನೆಗೆ “ಆಯ್ತು ಮಾರಾಯ್ತಿ” ಎಂದ.

ಮುಂದಿನ ಭಾನುವಾರ ಹೊಸ ಹಾಳೆಗಳಲ್ಲಿ ಹೆಸರುಗಳು ಮತ್ತೆ ಸ್ವರಗಳ ಮೇಲೆ, ಕೆಂಪಿನಲ್ಲೇ ಇದ್ದವು. ಮೂರನೆಯ ಸಾಲಿಗೆ ಬಂದಾಗ ಇಪ್ಪತ್ತಾರು ಜನ, ಡೆನ್ವರನೂ ಸೇರಿ, ಸೆಲಿನ್ ಬಾಯಿಯ ಹಾಗೆ ಹಾಡಿದರು. ನುಸ್ರತ್ ಆಕೆಯನ್ನು ಕಂಡವಳೇ ಅಲ್ಲ. ಆದರೂ ಆಕೆ ಎಂಥ ಹೆಂಗಸಾಗಿದ್ದಿರಬೇಕು ಎಂದು ಅವಳಿಗೆ ತಿಳಿಯಿತು. ಹಿಂದಿನ ಬೆಂಚಿನಿಂದ ಪ್ರತೀಕ್, “ನಿನ್ನ ಟೂಲೇ ಇರಲಿ” ಎಂದ.

ಹೊರಡುವಾಗ ಮಾಸ್ಟ್ರು ಕರೆದರು. “ಒಂದು ತಿದ್ದುವುದು ಉಂಟು. ಕೊನೆಯ ಸಾಲಿಗೆ ಮೊದಲು ಇವರೆಲ್ಲ ಅವಸರ ಮಾಡ್ತಾರೆ. ಅಲ್ಲಿ ನುಸ್ರತ್ ಅಂತ ಬರಿ.”

“ಅಯ್ಯೋ ಮಾಸ್ಟ್ರೇ, ನನಗೆ ಹಾಡಲಿಕ್ಕೆ ಬರುವುದಿಲ್ಲ!”

“ಹಾಡುವುದು ಯಾರಿಗೆ ಬೇಕು? ಕಾಯಲಿಕ್ಕೆ ಬರ್ತದಲ್ಲ.”

ಅವಳು ಕೊನೆಯ ಸಾಲಿನ ಮೇಲೆ ಒತ್ತಿದಳು. ಖಾಲಿ ಚೌಕ ತೆರೆಯಿತು. ತನ್ನ ಹೆಸರನ್ನು ನಿಧಾನವಾಗಿ ಬರೆದಳು.