ನಾಲ್ಕು ಸೀಟಿನ ಗಾಲಿಕುರ್ಚಿ

ಸ್ವೀಡನ್ನಿನಲ್ಲಿ ಕಾರಿನ ಹಾರ್ನ್ ಕೆಟ್ಟಿದ್ದರೆ ಅದು ಗೊತ್ತಾಗುವುದು ತಪಾಸಣೆಗೆ ಹೋದಾಗಲೇ. ಅಲ್ಲಿಯವರೆಗೆ ಅದನ್ನು ಒತ್ತುವ ಸಂದರ್ಭವೇ ಬರುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಳೆ ಗಾಡಿಗಳ ಬಿಡಿಭಾಗ ಮಾರುತ್ತಲೇ ಮೀಸೆ ಬೆಳೆಸಿದ ನನಗೆ ಹಾರ್ನ್ ಎಂದರೆ ಬ್ರೇಕಿಗಿಂತ ಒಂದು ಕೈ ಮೇಲು. ಇಲ್ಲಿ ಅದು ಹೊಟ್ಟೆಯೊಳಗಿನ ಅಪೆಂಡಿಕ್ಸ್ ಇದ್ದ ಹಾಗೆ, ಇದೆ, ಕೆಲಸವಿಲ್ಲ. ಹಾರ್ನ್ ಮಾಡದ ಜನರ ಮೌನ ಎಷ್ಟು ಭಾರ ಎಂಬುದು ನನಗೆ ತಿಳಿದದ್ದು ಗಾಲ್ಫ್ ಕಾರ್ಟ್ ಒಂದನ್ನು ಬೀದಿಗೆ ಇಳಿಸಿದ ಮೇಲೆ.

ಗಾಲ್ಫ್ ಆಡುವವನು ಎಂದುಕೊಳ್ಳಬೇಡಿ. ಇಷ್ಟು ಸಣ್ಣ ಚೆಂಡನ್ನು ಅಷ್ಟು ದೂರ ಹೊಡೆದು, ಆಮೇಲೆ ತಾನೇ ಹೋಗಿ ಹುಡುಕುವ ಆಟದಲ್ಲಿ ಯಾರಿಗೆ ಏನು ಗಿಟ್ಟುತ್ತದೋ ನನಗೆ ಇಂದಿಗೂ ಅರ್ಥವಾಗಿಲ್ಲ. ಗಾಡಿ ಕೊಂಡದ್ದು ವನಜಾಗಾಗಿ. ನನ್ನ ಹೆಂಡತಿ ವನಜಾ ಕಾರ್ಲ್‌ಸ್ಕ್ರೂನಾದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾಳೆ. ನಾನು ಅವಳ ವೀಸಾದ ಬಾಲ ಹಿಡಿದು ಬಂದವನು. ಬಂದ ಮೇಲೆ ಹಳೆ ಸೈಕಲ್ಲು, ಹುಲ್ಲು ಕತ್ತರಿಸುವ ಯಂತ್ರ ಇಂಥವನ್ನು ಕೊಂಡು, ರಿಪೇರಿ ಮಾಡಿ, ಮಾರಿ ನನ್ನ ದಾರಿ ನಾನು ನೋಡಿಕೊಂಡೆ.

ಕಳೆದ ಚಳಿಗಾಲ ವನಜಾ ಮಂಜುಗಡ್ಡೆಯ ಮೇಲೆ ಜಾರಿ ಮಂಡಿ ಮುರಿದುಕೊಂಡಳು. ಆಪರೇಷನ್ ಚೆನ್ನಾಗಿಯೇ ಆಯಿತು. ಇನ್ನು ನಡೆಯಬಹುದು, ನಡೆಯಲೇಬೇಕು ಎಂದರು ಡಾಕ್ಟರು. ಮೂಳೆ ಒಪ್ಪಿತು, ಮನಸ್ಸು ಒಪ್ಪಲಿಲ್ಲ. ನಮ್ಮ ಮನೆಯಿಂದ ಸಮುದ್ರಕ್ಕೆ ಇಳಿಯುವ ಬೀದಿ ಪೂರಾ ಉರುಟು ಕಲ್ಲಿನದು, ಮೇಲಾಗಿ ಇಳಿಜಾರು. ಮೊದಲೆಲ್ಲ ಪ್ರತಿ ಸಂಜೆ ಆ ಬೀದಿ ಇಳಿದು ದಡದ ಬೆಂಚಿನ ಮೇಲೆ ಕೂತು ಬರುತ್ತಿದ್ದವಳು ಈಗ ಅಡುಗೆಮನೆಯ ಕಿಟಕಿಯಲ್ಲಿ ಕಾಣುವ ಒಂದು ಪಟ್ಟಿ ಸಮುದ್ರಕ್ಕೆ ತೃಪ್ತಳಾದಳು. ಪಾಠವೂ ಮನೆಯಿಂದಲೇ, ಕಂಪ್ಯೂಟರಿನಲ್ಲಿ. “ನಡಿಯೇ, ಕೆಳಗಿನವರೆಗೆ ಹೋಗಿ ಬರೋಣ” ಎಂದರೆ “ಹೂಂ, ನಾಳೆ” ಎನ್ನುವಳು. ಗಿರಾಕಿಗಳ ‘ನಾಳೆ’ಯನ್ನು ಒಂದು ಆಯುಷ್ಯವಿಡೀ ಕೇಳಿದವನು ನಾನು. ಆ ನಾಳೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೆದರಿದ್ದೂ ಅದಕ್ಕೇ. ಕಾರು ಹತ್ತಬೇಕಾದರೆ ಮಂಡಿ ಮಡಚಬೇಕು. ಅಶಕ್ತರಿಗೆಂದು ಕೊಮ್ಮೂನ್, ಅಂದರೆ ಇಲ್ಲಿನ ನಗರಸಭೆ, ಟ್ಯಾಕ್ಸಿ ಕೊಡುತ್ತದೆ ಎಂದೆ. “ನಾನೇನು ಪಾರ್ಸೆಲ್ಲಾ, ಯಾರೋ ಬಂದು ಎತ್ಕೊಂಡು ಹೋಗಕ್ಕೆ?” ಎಂದಳು.

ಗಾಲ್ಫ್ ಕಾರ್ಟಿಗೆ ಬಾಗಿಲಿಲ್ಲ. ಸೀಟು ಸೊಂಟದ ಮಟ್ಟಕ್ಕಿದೆ. ಸುಮ್ಮನೆ ಹಿಂದಕ್ಕೆ ಒರಗಿದರೆ ಕೂತ ಹಾಗೆಯೇ. ಊರ ಹೊರಗೊಬ್ಬ ಯಜಮಾನರು ಇಂಥದ್ದೊಂದನ್ನು ಮಾರುತ್ತಿದ್ದರು. ಅವರು ಬೆಲೆ ಹೇಳಿದ ಕೂಡಲೇ ನಾನು ನಮ್ಮ ಕಸುಬಿನ ಪದ್ಧತಿಯಂತೆ ಮುಖ ಕಿವುಚಿದೆ. ಪಾಪ, ಹೊಟ್ಟೆನೋವೇ ಎಂದು ಕೇಳಿ ನೀರು ತಂದುಕೊಟ್ಟರು. ಸರಿ, ಬೇಡ ಬಿಡಿ ಎಂದು ಹೊರಟವನಂತೆ ಗೇಟಿನ ತನಕ ಹೋದೆ. ಜೆ.ಸಿ. ರಸ್ತೆಯಲ್ಲಾದರೆ ಗೇಟು ತಲುಪುವ ಮೊದಲೇ “ಬನ್ನಿ ಸ್ವಾಮಿ, ನಿಮ್ಮ ಮಾತೂ ಬೇಡ ನಮ್ಮ ಮಾತೂ ಬೇಡ” ಎಂಬ ಕೂಗು ಬರಬೇಕು. ಇವರು “ಒಳ್ಳೆಯದಾಗಲಿ” ಎಂದು ಹರಸಿ ಬಾಗಿಲು ಹಾಕಿಕೊಂಡರು. ಹಿಂದಿರುಗಿ ಬಂದು ನಾನೇ ಬೆಲ್ ಒತ್ತಬೇಕಾಯಿತು. ಈ ದೇಶಕ್ಕೆ ಹೊಸದಾಗಿ ಬರುವವರಿಗೆ ನನ್ನ ಬುದ್ಧಿವಾದ ಇಷ್ಟೇ: ಹೋಗುವ ನಾಟಕ ಆಡಬೇಡಿ, ನಿಜವಾಗಿ ಹೋಗಲು ಬಿಡುತ್ತಾರೆ.

ಗಾಡಿ ಬಂತು. ಅದನ್ನು ಬೀದಿಗೆ ಇಳಿಸುವುದು ಹೇಗೆ? ಕೊಮ್ಮೂನಿನಲ್ಲಿ ಬೀದಿಗಳ ಉಸ್ತುವಾರಿ ಬಿರ್ಗಿತ್ತಾ ಎಂಬಾಕೆಯದು. ಹೋಗುವ ಮುನ್ನ ನಾನೂ ಒಂದಿಷ್ಟು ಕಾಯಿದೆ ಓದಿಕೊಂಡೆ. ಓದಿದಷ್ಟೂ ಬೆರಗು. ಇಲ್ಲಿ ಒಂದು ಪದಾರ್ಥ ಏನು ಎಂಬುದು ಅದರ ರೂಪದಿಂದಲ್ಲ, ವೇಗದಿಂದ ತೀರ್ಮಾನವಾಗುತ್ತದೆ. ಒಳ್ಳೆಯ ಕಾರನ್ನು ಕತ್ತರಿಸಿ, ಮೂವತ್ತು ಕಿಲೋಮೀಟರಿಗಿಂತ ಜೋರಾಗಿ ಓಡದಂತೆ ಕಟ್ಟಿಹಾಕಿದರೆ ಅದು ಟ್ರ್ಯಾಕ್ಟರು. ಹೈಸ್ಕೂಲಿನ ಮಕ್ಕಳು ಅದನ್ನು ಓಡಿಸಿಕೊಂಡು ಐಸ್‌ಕ್ರೀಂ ತಿನ್ನಲು ಹೋಗುತ್ತಾರೆ. ವಿದ್ಯುತ್ ಗಾಲಿಕುರ್ಚಿ ಮನುಷ್ಯರ ನಡಿಗೆಯ ವೇಗದಲ್ಲಿ ಹೋದರೆ, ಅದರಲ್ಲಿ ಕೂತವರು ಕಾನೂನಿನ ಕಣ್ಣಿಗೆ ಪಾದಚಾರಿ! ನಮ್ಮ ತರ್ಕಶಾಸ್ತ್ರದವರು ಮಡಕೆಯೋ ಮಣ್ಣೋ ಎಂದು ತಲೆಮಾರುಗಟ್ಟಲೆ ಜಗಳವಾಡಿದ್ದನ್ನು ಇವರು ಸ್ಪೀಡೋಮೀಟರು ನೋಡಿ ಮುಗಿಸಿದ್ದಾರೆ. ಇಷ್ಟು ಉದಾರವಾದ ಶಾಸ್ತ್ರದಲ್ಲಿ ನನ್ನ ಗಾಡಿಗೂ ಒಂದು ಮೂಲೆ ಸಿಗದೇ ಇದ್ದೀತೇ?

ವನಜಾಳ ಮಂಡಿಯ ಕಥೆ ಹೇಳಿ, ಗಾಡಿಯ ಫೋಟೋ ತೋರಿಸಿ, “ಇದೊಂದು ಗಾಲಿಕುರ್ಚಿ” ಎಂದೆ ಬಿರ್ಗಿತ್ತಾಗೆ. “ಕುರ್ಚಿ ಇದೆ, ಗಾಲಿ ಇದೆ.”

“ಇದಕ್ಕೆ ನಾಲ್ಕು ಸೀಟಿದೆ.”

“ನಮ್ಮದು ಕೂಡುಕುಟುಂಬ.”

“ಉಳಿದ ಮೂವರಿಗೂ ಮಂಡಿನೋವಾ?” ಎಂದು ಕೇಳಿದಳು, ನಿಜವಾದ ಕಳಕಳಿಯಿಂದ.

ಇದು ಫಲಿಸದು ಎಂದು ನನ್ನ ಹಳೆಯ ಅಸ್ತ್ರ ತೆಗೆದೆ. ಒಂದು ಬೀದಿ ಬೇಕಿದ್ದರೆ ಊರನ್ನೇ ಕೇಳಬೇಕು. ಇಡೀ ಊರಿಗೆ ವಿನಾಯಿತಿ ಕೊಡಿ ಎಂದೆ. ಆಗುವುದಿಲ್ಲ ಎಂದಳು. ಅರ್ಧ ಊರು? ಆಗುವುದಿಲ್ಲ. ಕಡೆಗೆ ದೊಡ್ಡ ಮನಸ್ಸು ಮಾಡಿ, ನಮ್ಮದೊಂದೇ ಬೀದಿ, ಅದೂ ಸಂಜೆ ಹೊತ್ತು, ಎಂದೆ. ಬಿರ್ಗಿತ್ತಾ ಪೆನ್ನು ಕೆಳಗಿಟ್ಟು ವಿವರಿಸಿದಳು. ದೀಪ, ಕನ್ನಡಿ, ಇಂಡಿಕೇಟರು, ಹಿಂದೆ ನಿಧಾನದ ಗಾಡಿಯೆಂದು ಸಾರುವ ಕೆಂಪು ತ್ರಿಕೋನ, ಎಲ್ಲ ಹಾಕಿಸಿ ತಪಾಸಣೆಯಲ್ಲಿ ಪಾಸು ಮಾಡಿಸಿ ನಂಬರು ಪಡೆದರೆ ಊರಿನ ಮಾಮೂಲಿ ಬೀದಿಗಳಲ್ಲೆಲ್ಲ ಓಡಿಸಬಹುದು. ನಾನು ಚೌಕಾಸಿ ಮಾಡಿ ಮಾಡಿ ಒಂದು ಬೀದಿಗೆ ಇಳಿಸಿಕೊಂಡಿದ್ದ ಊರು ಮೊದಲಿನಿಂದಲೂ ನನ್ನದೇ ಆಗಿತ್ತು!

“ಇದನ್ನ ಮೊದಲೇ ಹೇಳಬಾರದಿತ್ತಾ?”

“ಹೇಗೆ ಓಡಿಸೋದು ಅಂತ ನೀವು ಕೇಳಲೇ ಇಲ್ಲ. ನೀವು ಕೇಳಿದ್ದು ವಿನಾಯಿತಿ.”

ಒಂದೇ ತಕರಾರು. ಕಾಲುದಾರಿಗೆ ಗಾಡಿ ಹತ್ತಿಸಕೂಡದು. ಸಮುದ್ರ ದಡದ ದಾರಿಯೂ ಅದರಲ್ಲಿ ಸೇರಿತು. ವನಜಾಳ ಬೆಂಚು ಇರುವುದೇ ಅಲ್ಲಿ. ಬೆಂಚಿನ ತನಕ ಮಾತ್ರ? ಇಲ್ಲ. ಜನ ಇಲ್ಲದಾಗ? ಇಲ್ಲ. ಮಳೆ ಬಂದರೆ? “ಮಳೆ ಬಂದರೆ ಬೆಂಚು ಒದ್ದೆಯಾಗಿರುತ್ತೆ” ಎಂದಳು. ಇಷ್ಟು ಗಟ್ಟಿಯಾದ ಎದುರಾಳಿ ಜೆ.ಸಿ. ರಸ್ತೆಯಲ್ಲೂ ಸಿಕ್ಕಿರಲಿಲ್ಲ.

ಪಕ್ಕದ ಮನೆಯ ರಫೀಕ್, ದಾವಣಗೆರೆಯ ಹುಡುಗ, ಟೆಲಿಕಾಂ ಎಂಜಿನಿಯರು, ಇಂಡಿಕೇಟರಿಗೆ ವೈರು ಎಳೆದುಕೊಟ್ಟ. ನಾನು ಹಿಂದೆ ಕೆಂಪು ತ್ರಿಕೋನ ಬಿಗಿಯುತ್ತಿದ್ದಾಗ ದೂರ ನಿಂತು ನೋಡಿ, “ಅಣ್ಣಾ, ಊರಲ್ಲಿ ಸರ್ಕಾರಿ ಆಸ್ಪತ್ರೆ ಗೋಡೆ ಮೇಲೆ ಇದನ್ನೇ ತಲೆಕೆಳಗು ಬರೀತಿದ್ರು. ಈ ವಯಸ್ಸಲ್ಲಿ ಕುಟುಂಬ ಯೋಜನೆ ಪ್ರಚಾರ ಯಾಕೆ?” ಎಂದ. ಒಳಗಿನಿಂದ ವನಜಾ ನಕ್ಕದ್ದು ಕೇಳಿಸಿತು. ಅವಳು ನಕ್ಕು ಬಹಳ ದಿನವಾಗಿತ್ತು. ತ್ರಿಕೋನವನ್ನು ಇನ್ನೊಂದು ಸುತ್ತು ಬಿಗಿ ಮಾಡಿದೆ.

ತಪಾಸಣೆ ಮುಗಿದ ಸಂಜೆ ಹೊರಟೆವು. ವನಜಾ ಒರಗಿದಳು, ಕೂತಳು, ಊರುಗೋಲನ್ನು ತೊಡೆಯ ಮೇಲಿಟ್ಟುಕೊಂಡಳು. ಅರ್ಧ ಬೀದಿ ಇಳಿಯುವಷ್ಟರಲ್ಲಿ ಹಿಂದೆ ಕಾರುಗಳ ಸಾಲು. ಒಂದು ಹಾರ್ನ್ ಇಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಆ ತಾಳ್ಮೆಗೆ ಏನು ಉತ್ತರ ಕೊಡುವುದು?

“ರೀ, ದಿಬ್ಬಣದ ಥರ ಬರ್ತಿದಾರೆ. ಪಕ್ಕಕ್ಕೆ ಹಾಕ್ರೀ, ಪಾಪ, ಮನೆಗೆ ಹೋಗ್ಲಿ.”

ಪಕ್ಕಕ್ಕೆ ಹಾಕಿದೆ. ಒಬ್ಬೊಬ್ಬರೂ ಕೈ ಎತ್ತಿ ವಂದಿಸಿ ಮುಂದೆ ಹೋದರು. ವನಜಾ ಮದುವೆಮನೆಯ ಯಜಮಾನಿಯಂತೆ ಎಲ್ಲರನ್ನೂ ಕೈ ಬೀಸಿ ಕಳಿಸಿಕೊಟ್ಟಳು.

ಬೀದಿ ಮುಗಿಯುವಲ್ಲಿ, ಮುಂದೆ ಗಾಡಿಗಳಿಗೆ ಪ್ರವೇಶವಿಲ್ಲ ಎಂಬ ಬೋರ್ಡು ಇತ್ತು. ಆಚೆ ಬೆಂಚು, ಅದರಾಚೆ ಸಮುದ್ರ. ನಡುವೆ ಸಪಾಟಾದ ದಾರಿ. ಎರಡು ಕಂಬಗಳ ಮಧ್ಯೆ ಗಾಡಿ ನುಸುಳಬಹುದೇ ಎಂದು ನಾನು ಕಣ್ಣಲ್ಲೇ ಅಳೆದೆ.

“ಬೇಡ ರೀ. ಆಮೇಲೆ ಬಿರ್ಗಿತ್ತಾ ಕೈಗೆ ಸಿಕ್ಕಾಕೊಂಡ್ರೆ ನಾನು ಬಿಡಿಸ್ಕೊಂಡು ಬರಲ್ಲ.”

“ಹಾಗಿದ್ರೆ ವಾಪಸ್ ಹೋಗೋಣ್ವಾ?”

ವನಜಾ ಬೆಂಚನ್ನು ನೋಡಿದಳು. ನನ್ನನ್ನು ನೋಡಿದಳು. ಊರುಗೋಲನ್ನು ನೆಲಕ್ಕೆ ಊರಿ ಒಂದು ಕಾಲು ಇಳಿಸಿದಳು. “ಇಲ್ಲೇ ಇರಿ. ಕೈ ಹಿಡ್ಕೊಳಕ್ಕೆ ಓಡಿ ಬರ್ಬೇಡಿ. ಹೀಗೆ ನಡಿ, ಹಾಗೆ ನಡಿ ಅಂತ ಹಿಂದಿನಿಂದ ಕೂಗ್ಬೇಡಿ.”

ಹೋದಳು. ಬೆಂಚು ಮುಟ್ಟಿ, ಕೂತು, ಬೆನ್ನು ತೋರಿಸಿ ಸಮುದ್ರ ನೋಡುತ್ತಾ ಉಳಿದಳು. ಬುದ್ಧಿ ಹೇಳಲು ಯಾರೂ ಇಲ್ಲದೆ ನಾನು ಪಕ್ಕದಲ್ಲಿ ನಿಂತಿದ್ದ ಕಡಲಹಕ್ಕಿಗೆ ಬ್ಯಾಟರಿಯ ನೀರನ್ನು ನೋಡಿಕೊಳ್ಳುವ ಬಗೆ ಹೇಳಿದೆ.

ಮಾರನೆಯ ದಿನ ರಫೀಕ್ ಖುಷಿಯಿಂದ ಬಂದ. “ಅಣ್ಣಾ, ಡಾಕ್ಟರ್ ಚೀಟಿ ಇದ್ರೆ ಬೋರ್ಡ್ ದಾಟಕ್ಕೆ ಪರ್ಮಿಶನ್ ಸಿಗಬಹುದು. ಅರ್ಜಿ ಹಾಕೋಣ್ವಾ?”

ಬೇಡ ಎಂದೆ. ಬಿರ್ಗಿತ್ತಾಗೆ ಮಾತ್ರ ಫೋನು ಮಾಡಿ, ಆ ಬೋರ್ಡನ್ನು ಬೆಂಚಿನಿಂದ ಇನ್ನೂ ಸ್ವಲ್ಪ ಹಿಂದಕ್ಕೆ, ನಮ್ಮ ಬೀದಿಯ ಬೇಕರಿಯ ಹತ್ತಿರ ನೆಡಲು ಸಾಧ್ಯವೇ ಎಂದು ಕೇಳಿದೆ. “ನಿಷೇಧವನ್ನು ಜಾಸ್ತಿ ಮಾಡಿ ಅಂತಿದ್ದೀರಾ?” ಹೌದು ಎಂದೆ. ಆಗುವುದಿಲ್ಲ ಎಂದಳು.

ಇರಲಿ. ನಿಲ್ಲಬೇಕಾದ ಜಾಗಕ್ಕಿಂತ ಮೊದಲೇ ಗಾಡಿ ನಿಲ್ಲಿಸಲು ಯಾರ ಅಪ್ಪಣೆಯೂ ಬೇಕಿಲ್ಲವಂತೆ, ವಿಚಾರಿಸಿಕೊಂಡಿದ್ದೇನೆ. ಈಗ ಬೇಕರಿಯ ಮುಂದೆಯೇ ನಿಲ್ಲಿಸಿ, ಯಾಕೋ ಬ್ಯಾಟರಿ ವೀಕಾಗಿದೆ ಎನ್ನುತ್ತೇನೆ. ವನಜಾ ಬಿಡಿಭಾಗದ ವ್ಯಾಪಾರಿಯ ಹೆಂಡತಿ. ನಂಬಿದವಳಂತೆ ಇಳಿದು ನಡೆಯುತ್ತಾಳೆ.